ಅಪ್ಪನಿಗೆ ಬಾರದ ಕಣ್ಣೀರು ಚಕ್ ಬೆರ್ರಿಗೆ ಬಂತು

ಪತ್ರ:

ನಾನು ದಾವಣಗೆರೆಯವನು. ವಯಸ್ಸು 49. 1998ರಲ್ಲಿ ಕೆಲಸದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಬಂದವನು ಇಲ್ಲೇ ಉಳಿದೆ. ಬಂದ ಹೊಸದರಲ್ಲಿ ಮಾತಾಡಿಸುವವರೇ ಇರಲಿಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನ ಹಿರಿಯರೊಬ್ಬರು ಒಂದು ಬುಧವಾರ ಸಂಜೆ ನನ್ನನ್ನು ಡೆಲ್ಮಾರ್ ರಸ್ತೆಯ ಬ್ಲೂಬೆರಿ ಹಿಲ್ ಎಂಬ ರೆಸ್ಟೋರೆಂಟಿಗೆ ಕರೆದುಕೊಂಡು ಹೋದರು. ಅದರ ನೆಲಮಾಳಿಗೆಯಲ್ಲಿ ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರ್ರಿ ಗಿಟಾರ್ ನುಡಿಸಿ ಹಾಡುತ್ತಿದ್ದರು. ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು. ಅಲ್ಲಿಂದ 2014ರವರೆಗೆ ನಾನು ಕಡಿಮೆ ಎಂದರೂ ನಲವತ್ತು ಸಲ ಹೋಗಿದ್ದೇನೆ. ಕೊನೆಕೊನೆಗೆ ಅವರು ಸಾಲು ಮರೆತಾಗ ನಾವೇ ಕೆಳಗಿನಿಂದ ಹಾಡಿ ನೆನಪಿಸುತ್ತಿದ್ದೆವು. 2017ರ ಮಾರ್ಚ್ 18ರಂದು ಅವರು ತೀರಿಕೊಂಡರು. ಏಪ್ರಿಲ್ 9ರಂದು ಅಂತಿಮ ದರ್ಶನದ ಸಾಲಿನಲ್ಲಿ ನಿಂತು ಮಗುವಿನ ಹಾಗೆ ಅತ್ತೆ. ಮನೆಗೆ ಬಂದ ಮೇಲೂ ನಿಲ್ಲಲಿಲ್ಲ.

ನನ್ನ ಹೆಂಡತಿ ಧಾರವಾಡದವಳು. ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿದರೆ ಈಗಲೂ ಅವಳ ಕಣ್ಣು ಒದ್ದೆಯಾಗುತ್ತದೆ. ಆದರೆ ಆ ದಿನ ಅವಳು, ‘ಮಾವನೋರು ಹೋದಾಗ ನಿಮ್ಮ ಕಣ್ಣಾಗ ಒಂದು ಹನಿ ನೀರು ಬರಲಿಲ್ಲ, ಇಂವಗ ಇಷ್ಟ್ಯಾಕ ಅಳ್ಲಿಕ್ಕತ್ತೀರಿ?’ ಎಂದಳು. ಅದು ನಿಜ. 2009ರಲ್ಲಿ ಅಪ್ಪ ಹಾಸಿಗೆ ಹಿಡಿದಾಗ ಅವಳು ಎರಡು ತಿಂಗಳು ಮೊದಲೇ ಹೋಗಿ ನೋಡಿಕೊಂಡಳು. ನಾನು ತಲುಪಿದ್ದು ಹಿಂದಿನ ದಿನ. ಹಿರಿಯ ಮಗನಾಗಿ ಎಲ್ಲ ಕಾರ್ಯ ಮುಗಿಸಿ ವಿಮಾನ ಹತ್ತಿದೆ. ಅಳು ಬರಲಿಲ್ಲ. ಹದಿನೇಳು ವರ್ಷದ ಮಗಳು ಚಕ್ ಬೆರ್ರಿಯ ಹಳೆಯ ಪ್ರಕರಣಗಳನ್ನೆಲ್ಲ ಓದಿ, ‘ಅಪ್ಪಾ, ಇಂಥವನಿಗೆ ಅಳ್ತೀಯಲ್ಲ?’ ಎಂದಳು. ಅವತ್ತೇ ರೆಕಾರ್ಡುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಕೆಳಗಿಟ್ಟೆ. ನನ್ನ ದುಃಖ ಸುಳ್ಳೇ? ನಾನು ಕೆಟ್ಟ ಮಗನೇ? ಇವನ್ನೆಲ್ಲ ಎಸೆದುಬಿಡಲೇ?

— ಹೆಸರು ಬೇಡ, ಸೇಂಟ್ ಲೂಯಿಸ್

ಉತ್ತರ:

ನಿಮ್ಮ ದುಃಖ ಸುಳ್ಳಲ್ಲ. ಈ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಎರಡು ಪ್ರಶ್ನೆಗಳು ಇದಕ್ಕಿಂತ ಕಷ್ಟದವು.

ಬೇರೆ ಓದುಗರಿಗಾಗಿ ಸ್ವಲ್ಪ ಹೇಳಬೇಕು. ಚಕ್ ಬೆರ್ರಿ ನಿಮ್ಮ ಊರಿನವರೇ. 1926ರಲ್ಲಿ ಸೇಂಟ್ ಲೂಯಿಸ್‌ನ ಕಪ್ಪು ಜನರ ಬಡಾವಣೆಯಲ್ಲಿ, ಗುಡ್ ಅವೆನ್ಯೂ ಎಂಬ ಬೀದಿಯಲ್ಲಿ ಹುಟ್ಟಿದವರು. ಕಾರಿನ ಕಾರ್ಖಾನೆಯಲ್ಲಿ ದುಡಿದರು, ಕೇಶಾಲಂಕಾರ ಕಲಿತರು. 1952ರ ಕೊನೆಯ ರಾತ್ರಿ ಜಾನಿ ಜಾನ್ಸನ್ ಎಂಬ ಪಿಯಾನೋ ವಾದಕರ ತಂಡದಲ್ಲಿ ಒಬ್ಬರು ಕಾಯಿಲೆ ಬಿದ್ದರೆಂದು ಇವರಿಗೆ ಕರೆ ಬಂತು. 1955ರಲ್ಲಿ ಶಿಕಾಗೋದಲ್ಲಿ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರನ್ನು ಕಂಡು, ಅವರು ತೋರಿದ ದಾರಿ ಹಿಡಿದು ಚೆಸ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಸಂಸ್ಥೆಗೆ ಹೋದರು. ಕಪ್ಪು ಜನರ ಹಾಡಾದ ಬ್ಲೂಸ್‌ನ ಲಯಕ್ಕೆ ಹಳ್ಳಿ ಪದಗಳ ಕಥೆ ಹೇಳುವ ಗುಣ ಸೇರಿಸಿ, ಕಾರು, ಶಾಲೆಯ ಗಂಟೆ, ಹದಿಹರೆಯದ ಆಸೆ ಇವನ್ನೆಲ್ಲ ಹಾಡಿಗೆ ತಂದರು. ಬ್ರಿಟನ್ನಿನ ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ತಂಡಗಳ ಹುಡುಗರು ಕಲಿತದ್ದು ಇವರ ಹಾಡುಗಳನ್ನು ನುಡಿಸುತ್ತಲೇ. ಅಂಥವರು 1996ರಿಂದ 2014ರವರೆಗೆ, ತಿಂಗಳಿಗೊಂದು ಬುಧವಾರ, ಮುನ್ನೂರ ನಲವತ್ತು ಜನ ಹಿಡಿಸುವ ಆ ನೆಲಮಾಳಿಗೆಯಲ್ಲಿ 209 ಸಲ ಹಾಡಿದರು. ಒಂಟಿಯಾಗಿ ಆ ಊರಿಗೆ ಬಂದ ನಿಮಗೆ ತಿಂಗಳಿಗೊಮ್ಮೆ ಹೋಗಿ ಕೂರುವ ಒಂದು ಜಾಗ ಸಿಕ್ಕಿತು. ಹದಿನಾರು ವರ್ಷ ಅದು ನಿಮ್ಮದಾಗಿತ್ತು. ಅದು ಹೋದಾಗ ಅಳು ಬಾರದೆ ಇರುತ್ತದೆಯೇ?

ಈಗ ನಿಮ್ಮ ಅಪ್ಪನ ವಿಷಯ. ‘ನೀವು ಅತ್ತದ್ದು ನಿಜವಾಗಿ ಅಪ್ಪನಿಗಾಗಿ’ ಎಂದು ಹೇಳಿಬಿಡಬಹುದಿತ್ತು. ಕೇಳಲು ಹಿತವಾಗಿಯೂ ಇರುತ್ತಿತ್ತು. ಆದರೆ ನನಗೆ ಹಾಗೆ ಅನ್ನಿಸುವುದಿಲ್ಲ. ನೀವು ಅತ್ತದ್ದು ಚಕ್ ಬೆರ್ರಿಗೇ. ಅಪ್ಪನಿಗೆ ಅಳದೇ ಹೋದದ್ದು ಬೇರೆಯದೇ ಮಾತು.

ದಾವಣಗೆರೆಯಲ್ಲಿ ನಿಮಗೆ ಕೆಲಸವಿತ್ತು. ಬಂದವರನ್ನು ಮಾತಾಡಿಸಬೇಕು, ಅಮ್ಮನನ್ನು ಹಿಡಿದು ಕೂರಿಸಬೇಕು, ಅಡುಗೆಯವರಿಗೆ ಹಣ ಎಣಿಸಬೇಕು, ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಬೇಕು, ವಾಪಸು ಟಿಕೆಟ್ ನೋಡಬೇಕು. ಹಿರಿಯ ಮಗ ಕುಸಿದು ಕೂತರೆ ಮನೆಯೇ ಕೂರುತ್ತದೆ ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಸೇಂಟ್ ಲೂಯಿಸ್‌ನ ಆ ಸಾಲಿನಲ್ಲಿ ನಿಮ್ಮಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಸುಮ್ಮನೆ ನಿಂತಿರಬೇಕಿತ್ತು, ಅಷ್ಟೆ. ತೆರೆದ ಶವಪೆಟ್ಟಿಗೆಯ ಮುಚ್ಚಳದ ಒಳಭಾಗಕ್ಕೆ ಅವರ ಕೆಂಪು ಗಿಬ್ಸನ್ ಗಿಟಾರನ್ನು ಜೋಡಿಸಿದ್ದರಲ್ಲ, ಅದನ್ನು ಕಂಡು ನಿಮ್ಮ ಹಿಂದೆ ಮುಂದೆ ಇದ್ದವರೂ ಅತ್ತಿರಬೇಕು. ಅಳಲು ಬಿಡುವು ಬೇಕಾಗುತ್ತದೆ. ನನ್ನ ತಾಯಿ ಹೋದಾಗ ನನಗೂ ಆ ಬಿಡುವು ಸಿಕ್ಕಿರಲಿಲ್ಲ. ತಿಂಗಳುಗಟ್ಟಲೆ ಕಳೆದ ಮೇಲೆ, ಅವರ ಕನ್ನಡಕದ ಡಬ್ಬಿ ಕೈಗೆ ಸಿಕ್ಕ ದಿನ ಅದು ಬಂತು. ನೀವು ಕೆಟ್ಟ ಮಗನಲ್ಲ. ಕೆಲಸದಲ್ಲಿ ಮುಳುಗಿಹೋಗಿದ್ದ ಮಗ.

ಆದರೆ ನಿಮ್ಮ ಪತ್ನಿಯ ಮಾತನ್ನು ನಾನು ನಾಲ್ಕಾರು ಸಲ ಓದಿದೆ. ಅದರಲ್ಲಿ ನನಗೆ ಚಕ್ ಬೆರ್ರಿ ಮೇಲಿನ ಸಿಟ್ಟು ಕಾಣಲಿಲ್ಲ. ಮನ್ಸೂರರಿಗೆ ಕಣ್ಣು ಒದ್ದೆ ಮಾಡಿಕೊಳ್ಳುವ ಹೆಂಗಸಿಗೆ ಕಲಾವಿದನೊಬ್ಬನಿಗಾಗಿ ಅಳುವುದು ಎಂದರೇನು ಎಂದು ನೀವು ತಿಳಿಸಿಕೊಡಬೇಕಾಗಿಲ್ಲ. ಎರಡು ತಿಂಗಳು ನಿಮ್ಮ ಅಪ್ಪನಿಗೆ ಗಂಜಿ ಕುಡಿಸಿದವರು, ಮಗ್ಗುಲು ಬದಲಿಸಿದವರು, ರಾತ್ರಿ ಎದ್ದು ನೋಡಿದವರು ಅವರು. ಮಾವನವರ ಸಾವು ಅವರಿಗೂ ಸಾವೇ. ಆ ಮನೆಯಲ್ಲಿ ಅವರ ಜೊತೆ ಕೂತು ಅಳಬೇಕಾಗಿದ್ದ ಒಬ್ಬರೇ ಮನುಷ್ಯ ನೀವು. ನೀವು ಅಳಲಿಲ್ಲ. ಅವರು ಒಬ್ಬರೇ ಅತ್ತರು, ಇಲ್ಲವೆ ನಿಮ್ಮನ್ನು ನೋಡಿ ಅಳುವುದನ್ನೇ ನುಂಗಿಕೊಂಡರು. ಎಂಟು ವರ್ಷ ‘ಇವರ ಸ್ವಭಾವವೇ ಹೀಗೆ, ಇವರಿಗೆ ಅಳು ಬರುವುದಿಲ್ಲ’ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬಂದರು. ಈಗ ಕಣ್ಣೆದುರೇ ಗೊತ್ತಾಯಿತು, ನಿಮಗೆ ಅಳು ಬರುತ್ತದೆ ಎಂದು. ಅವರ ಹೊಟ್ಟೆಯಲ್ಲಿ ಉರಿದದ್ದು ಇದು.

ಆದ್ದರಿಂದ ಅವರ ಮುಂದೆ ಚಕ್ ಬೆರ್ರಿಯ ಹಿರಿಮೆ ಬಣ್ಣಿಸಲು ಹೋಗಬೇಡಿ. ಅಪ್ಪನ ಮಾತು ತೆಗೆಯಿರಿ. ಆ ಎರಡು ತಿಂಗಳಲ್ಲಿ ಏನೇನಾಯಿತು, ಅಪ್ಪ ಏನು ಕೇಳುತ್ತಿದ್ದರು, ಯಾರ ಹೆಸರು ಹಿಡಿದು ಕರೆಯುತ್ತಿದ್ದರು, ಊಟ ಯಾವಾಗ ಬಿಟ್ಟರು ಎಂದು ಕೇಳಿ. ನೀವು ಇದನ್ನು ಇಷ್ಟು ವರ್ಷ ಕೇಳಿಲ್ಲ ಎಂದು ನನಗೆ ಅನುಮಾನ. ಪತ್ರದಲ್ಲಿ ಆ ಎರಡು ತಿಂಗಳಿಗೆ ನೀವು ಕೊಟ್ಟದ್ದು ಒಂದೇ ಸಾಲು. ನೀವು ಅಲ್ಲಿರಲಿಲ್ಲ, ಅವರಿದ್ದರು. ನಿಮ್ಮ ಅಪ್ಪನ ಕೊನೆಯ ದಿನಗಳು ಇರುವುದು ಅವರ ಹತ್ತಿರ. ಕೇಳುತ್ತಾ ಅಳು ಬಂದರೆ ಬರಲಿ. ಬಾರದಿದ್ದರೆ ಬಲವಂತ ಬೇಡ. ‘ನಿನ್ನೊಬ್ಬಳನ್ನೇ ಬಿಟ್ಟೆ, ತಪ್ಪಾಯಿತು’ ಎಂಬ ಮಾತನ್ನು ಮಾತ್ರ ಹೇಳದೆ ಏಳಬೇಡಿ.

ಅದಾದ ಮೇಲೆ, ಎಷ್ಟೋ ದಿನ ಕಳೆದ ಮೇಲೆ, ಅವರಿಗೆ ಇದೊಂದು ಸಂಗತಿ ಹೇಳಬಹುದು. 1977ರಲ್ಲಿ ನಾಸಾ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳನ್ನು ಹಾರಿಬಿಟ್ಟಿತು. ಎರಡರಲ್ಲೂ ಚಿನ್ನದ ಲೇಪದ ಒಂದೊಂದು ಧ್ವನಿತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡವೂ ಇದೆ: ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು’. ಸಂಗೀತದ ಭಾಗದಲ್ಲಿ ಕೇಸರಬಾಯಿ ಕೇರ್ಕರ್ ಅವರು ಹಾಡಿದ ಭೈರವಿ ಇದೆ. ಕೇಸರಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ, ಮನ್ಸೂರರು ಕಲಿತದ್ದು ಅದೇ ಖಾನರ ಮಕ್ಕಳಿಂದ. ಒಂದೇ ಘರಾಣೆ, ಒಂದೇ ಗುರುಪರಂಪರೆ. ಅದೇ ತಟ್ಟೆಯಲ್ಲಿ ಚಕ್ ಬೆರ್ರಿಯ 1958ರ ‘ಜಾನಿ ಬಿ. ಗುಡ್’ ಕೂಡ ಇದೆ. ಹುಟ್ಟಿದ ಬೀದಿಯ ಹೆಸರನ್ನೇ ಅವರು ಆ ಹಾಡಿನ ಹುಡುಗನಿಗೆ ಇಟ್ಟಿದ್ದರು. ನಿಮ್ಮ ಹೆಂಡತಿಯ ಸಂಗೀತ, ನಿಮ್ಮ ಸಂಗೀತ, ನಿಮ್ಮಿಬ್ಬರ ಭಾಷೆ ಮೂರೂ ಒಂದೇ ತಟ್ಟೆಯಲ್ಲಿ 1977ರಿಂದ ಹೋಗುತ್ತಲೇ ಇವೆ. ಇದನ್ನು ಮೊದಲು ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಇನ್ನು ಮಗಳು. ಇಲ್ಲಿ ನಾನು ನಿಮ್ಮ ಪರ ನಿಲ್ಲುವುದಿಲ್ಲ, ಏಕೆಂದರೆ ಅವಳು ಓದಿರುವುದು ನಿಜ.

1959ರ ಡಿಸೆಂಬರ್‌ನಲ್ಲಿ ಚಕ್ ಬೆರ್ರಿಯ ಬಂಧನವಾಯಿತು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಅನೈತಿಕ ಉದ್ದೇಶಕ್ಕೆ ರಾಜ್ಯದ ಗಡಿ ದಾಟಿಸಿ ಕರೆತಂದರು ಎಂಬುದು ಆರೋಪ. ಮೊದಲ ವಿಚಾರಣೆಯ ನ್ಯಾಯಾಧೀಶರು ಜನಾಂಗದ ಬಗ್ಗೆ ಆಡಿದ ಮಾತುಗಳಿಂದಾಗಿ ಆ ತೀರ್ಪು ರದ್ದಾಯಿತು. 1961ರಲ್ಲಿ ಮತ್ತೆ ವಿಚಾರಣೆಯಾಗಿ ಮತ್ತೆ ತಪ್ಪಿತಸ್ಥರೆಂದು ತೀರ್ಮಾನವಾಗಿ, ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದು 1963ರಲ್ಲಿ ಹೊರಬಂದರು. 1990ರ ಹೊತ್ತಿಗೆ, ಅವರದೇ ಆದ ಬೇರೊಂದು ರೆಸ್ಟೋರೆಂಟಿನ ಹೆಂಗಸರ ಶೌಚಾಲಯದಲ್ಲಿ ಕ್ಯಾಮೆರಾ ಇಡಿಸಿದ್ದರೆಂದು ಹಲವು ಮಹಿಳೆಯರು ದಾವೆ ಹೂಡಿದರು. ಕಳ್ಳತನ ಮಾಡುತ್ತಿದ್ದ ಕೆಲಸದವರನ್ನು ಹಿಡಿಯಲು ಇಟ್ಟದ್ದು ಎಂದು ಅವರು ಹೇಳಿದರು. ಕೊನೆಗೆ ಹಣ ಕೊಟ್ಟು ಇತ್ಯರ್ಥ ಮಾಡಿಕೊಂಡರು.

ನಿಮ್ಮಂಥ ಅಭಿಮಾನಿಗಳು ಇಲ್ಲೊಂದು ತಪ್ಪು ಮಾಡುವುದನ್ನು ನಾನು ನೋಡಿದ್ದೇನೆ. ‘ಆಗಿನ ಕಾಲದಲ್ಲಿ ಕರಿಯರಿಗೆ ಎಲ್ಲಿ ನ್ಯಾಯ ಸಿಗುತ್ತಿತ್ತು’ ಎಂದು ಶುರುಮಾಡುತ್ತಾರೆ. ಆ ಮಾತು ನಿಜವೇ. ಬಿಳಿಯರ ರೇಡಿಯೋದಲ್ಲಿ ಹಾಡು ಬರಲಿ ಎಂದು ‘ಕರಿಯ ಹುಡುಗ’ ಎಂದಿದ್ದ ಸಾಲನ್ನು ‘ಹಳ್ಳಿ ಹುಡುಗ’ ಎಂದು ತಿದ್ದಿಕೊಂಡ ಮನುಷ್ಯ ಅವರು. ಆ ಅನ್ಯಾಯ ಮಗಳಿಗೂ ತಿಳಿಯಬೇಕು. ಆದರೆ ಅದನ್ನು ಆ ಹುಡುಗಿಯ ಮುಂದೆ ಪರದೆಯ ಹಾಗೆ ಎಳೆಯಬೇಡಿ. ಅವಳಿಗೆ ಹದಿನಾಲ್ಕು, ನಿಮ್ಮ ಮಗಳಿಗೆ ಹದಿನೇಳು. ನಿಮ್ಮ ಮಗಳು ಚಕ್ ಬೆರ್ರಿಯ ಕಥೆ ಓದುವಾಗ ವೇದಿಕೆಯ ಮೇಲಿನವರ ಜಾಗದಲ್ಲಿ ನಿಂತು ಓದುವುದಿಲ್ಲ, ಆ ಹುಡುಗಿಯ ಜಾಗದಲ್ಲಿ, ಆ ಶೌಚಾಲಯದ ಬಾಗಿಲಲ್ಲಿ ನಿಂತು ಓದುತ್ತಾಳೆ. ಅಪ್ಪ ಯಾರ ಕಡೆ ಎಂಬುದು ಅವಳಿಗೆ ತಿಳಿಯಬೇಕಾಗಿದೆ. ಹಾಗಾಗಿ ಮೊದಲು ಅದನ್ನೇ ಹೇಳಿ: ‘ಅವರು ಮಾಡಿದ್ದು ತಪ್ಪು. ಇವೆಲ್ಲ ನನಗೆ ಗೊತ್ತಿತ್ತು, ಗೊತ್ತಿದ್ದೂ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.’ ಗೊತ್ತಿರಲಿಲ್ಲ ಎಂದಾದರೆ ಹಾಗೆಯೇ ಹೇಳಿ. ಆಮೇಲೆ ಆ ನೆಲಮಾಳಿಗೆ ನಿಮಗೆ ಏನಾಗಿತ್ತು ಎಂಬುದನ್ನೂ ಹೇಳಿ. ಎರಡನೆಯದನ್ನು ಹೇಳಿ ಮೊದಲನೆಯದನ್ನು ಅಳಿಸಲು ಮಾತ್ರ ನೋಡಬೇಡಿ.

ನಿಮ್ಮ ಮನೆಯಲ್ಲಿ ನಡೆದಿರುವ ಈ ಜಗಳ ನಿಮ್ಮ ಊರಿನ ಬೀದಿಯಲ್ಲೇ ಒಮ್ಮೆ ನಡೆದಿದೆ, ನೆನಪಿದೆಯೇ? 2011ರಲ್ಲಿ ಡೆಲ್ಮಾರ್‌ನಲ್ಲಿ, ಬ್ಲೂಬೆರಿ ಹಿಲ್‌ನ ಎದುರಿಗೇ, ಅವರ ಎಂಟಡಿ ಕಂಚಿನ ಪ್ರತಿಮೆ ನಿಲ್ಲಿಸಲು ಹೊರಟಾಗ, ಶಿಕ್ಷೆಯಾದವನ ಪ್ರತಿಮೆ ಸಾರ್ವಜನಿಕ ಜಾಗದಲ್ಲಿ ಬೇಡ ಎಂದು ಅಲ್ಲಿನ ಕೆಲವರು ಸಹಿ ಸಂಗ್ರಹಿಸಿದರು. ಪ್ರತಿಮೆ ನಿಂತಿತು. ಅವರು ಹೋದ ಸುದ್ದಿ ಬಂದಾಗ ಜನ ಹೂ ತಂದಿಟ್ಟದ್ದು ಅದರ ಬುಡದಲ್ಲೇ. ಹೂ ಇಟ್ಟವರೂ ಅದೇ ಊರಿನವರು, ಸಹಿ ಹಾಕಿದವರೂ ಅದೇ ಊರಿನವರು. ಮಗಳು ಸಹಿ ಹಾಕಿದವರ ಸಾಲಿಗೆ ಸೇರಿದರೆ ನೀವು ನೊಂದುಕೊಳ್ಳಬೇಡಿ. ಅನ್ಯಾಯ ಕಂಡರೆ ಅಪ್ಪನ ಮುಖಕ್ಕೇ ಹೇಳುವ ಹುಡುಗಿಯನ್ನು ಬೆಳೆಸಿದ್ದೀರಿ. ಅದು ನನಗೆ ತುಂಬ ಇಷ್ಟವಾಯಿತು.

ರೆಕಾರ್ಡುಗಳನ್ನು ಎಸೆಯಬೇಡಿ. ಸದ್ಯಕ್ಕೆ ಮೇಲೂ ತರಬೇಡಿ. ಈಗ ತಂದಿಟ್ಟರೆ ಅದು ಮಗಳಿಗೆ ಕೊಟ್ಟ ಉತ್ತರದಂತೆ ಕಾಣುತ್ತದೆ, ಎಸೆದರೆ ಅವಳ ಮೇಲೆ ಹೊರಿಸಿದ ಹೊರೆಯಂತೆ. 2017ರ ಜೂನ್‌ನಲ್ಲಿ ಅವರ ಕೊನೆಯ ಆಲ್ಬಮ್ ಬಂತು, 38 ವರ್ಷಗಳ ನಂತರದ ಹೊಸ ಆಲ್ಬಮ್. 68 ವರ್ಷ ಜೊತೆಗಿದ್ದ ಹೆಂಡತಿಗೆ ಅದನ್ನು ಅರ್ಪಿಸಿದ್ದಾರೆ. ನೆಲಮಾಳಿಗೆಯಲ್ಲಿ ಅವರ ಪಕ್ಕ ನಿಂತು ನುಡಿಸುತ್ತಿದ್ದ ಮಗ ಮತ್ತು ಮಗಳು ಅದರಲ್ಲೂ ನುಡಿಸಿದ್ದಾರೆ. ನೀವು ಅದನ್ನು ಕೇಳದೆ ಇರುವುದಿಲ್ಲ ಎಂದು ನನಗೆ ಗೊತ್ತು. ಕೇಳಿ. ಕಾರಿನಲ್ಲಿ ಕದ್ದು ಕೇಳುವುದು ಬೇಡ, ಮನೆಯಲ್ಲೇ ಕೇಳಿ. ಮಗಳು ಎದ್ದು ಹೋದರೆ ಹೋಗಲಿ, ಹಿಂದೆಯೇ ಹೋಗಿ ಒಪ್ಪಿಸಲು ನೋಡಬೇಡಿ.

ಇನ್ನೊಂದು ಮಾತು ಉಳಿದಿದೆ. ನಿಮ್ಮನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ದ ಆ ಹಿರಿಯರು ಪತ್ರದ ಮೊದಲಲ್ಲಿ ಬಂದು ಆಮೇಲೆ ಎಲ್ಲೂ ಕಾಣಲಿಲ್ಲ. ಅಂತಿಮ ದರ್ಶನಕ್ಕೂ ನೀವು ಒಬ್ಬರೇ ಹೋದಂತಿದೆ. ಅವರು ಎಲ್ಲಿದ್ದಾರೆ? ಆರೋಗ್ಯವಾಗಿದ್ದಾರೆಯೇ? ಹೆಂಡತಿಗೂ ಮಗಳಿಗೂ ನೀವು ಬಿಡಿಸಿ ಹೇಳಲು ಒದ್ದಾಡುತ್ತಿರುವ ಆ ಬುಧವಾರಗಳನ್ನು ಅವರಿಗೆ ಹೇಳಲೇಬೇಕಾಗಿಲ್ಲ, ಅವರು ಅಲ್ಲೇ ಇದ್ದರು. ನಂಬರ್ ಹುಡುಕಿ ಫೋನ್ ಮಾಡಿ. ಈ ವಾರವೇ ಮಾಡಿ, ಬುಧವಾರ ಸಂಜೆ.