ಎಆರ್-15ಗೆ ಏನು ಹಾಕಿಸಲಿ: ಮಜಲ್ ಬ್ರೇಕಾ, ಕಾಂಪನ್ಸೇಟರಾ, ಫ್ಲ್ಯಾಶ್ ಹೈಡರಾ?

ಡಲ್ಲಾಸ್‌ನಲ್ಲಿ ಕೆಲಸ, ಎಚ್-1ಬಿ ವೀಸಾ, ಬೇಟೆ ಲೈಸೆನ್ಸ್ ತೋರಿಸಿ ತಗೊಂಡ ಎಆರ್-15 ರೈಫಲ್, 5.56 ಮಿ.ಮೀ. ಗುಂಡಿನದು. ಭುಜಕ್ಕೆ ಒದೆಯುವುದು ಕಡಿಮೆ ಆಗಬೇಕು, ಬ್ಯಾರಲ್ ತುದಿಗೆ, ಅಂದರೆ ಗುಂಡು ಹೊರಬರುವ ಮಜಲ್‌ಗೆ, ಏನು ಹಾಕಿಸಲಿ ಅಂತ ಕೇಳಿದ್ದೀರಿ. ಊರಿನ ಹೆಸರು, ವೀಸಾ ಬಿಟ್ಟರೆ ಉಳಿದದ್ದೆಲ್ಲ ನನ್ನದೇ ಕಥೆ. ನಾನು ಹ್ಯೂಸ್ಟನ್ ಪಕ್ಕ ಇದ್ದೆ. ಗ್ರೀನ್ ಕಾರ್ಡ್ ಬಂದ ಮೇಲೆ ರೈಫಲ್ ತಗೊಂಡೆ. ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ರೈಫಲ್ ಅಲ್ಲೇ ಮಾರಿ ಬಂದೆ. ಎಡಗಿವಿಯಲ್ಲಿ ಕುಯ್ಯ್ ಅನ್ನುವ ಸದ್ದು ಮಾತ್ರ ನಿಂತಿಲ್ಲ.

ರೈಫಲ್ ಜೊತೆ ಬಂದಿದ್ದು ಮಾಮೂಲಿ ಎ2 ಬರ್ಡ್‌ಕೇಜ್ ಫ್ಲ್ಯಾಶ್ ಹೈಡರ್, ಗುಂಡು ಹಾರಿದಾಗ ತುದಿಯಲ್ಲಿ ಮಿಂಚುವ ಬೆಂಕಿಯನ್ನು ತಗ್ಗಿಸುವ ಸಾಮಾನು. ಅದರ ಬಗ್ಗೆ ನನಗೆ ತಾತ್ಸಾರ. ವಿಡಿಯೊಗಳಲ್ಲಿ ಬ್ರೇಕ್ ಹಾಕಿದ ರೈಫಲ್‌ಗಳು ಎಷ್ಟು ಗುಂಡು ಹಾರಿಸಿದರೂ ಅಲುಗಾಡುತ್ತಿರಲಿಲ್ಲ. ಎರಡೂ ಪಕ್ಕಕ್ಕೆ ದೊಡ್ಡ ಬಾಯಿ ಬಿಟ್ಟಿರುವ ಒಂದು ಬ್ರೇಕ್ ತರಿಸಿ ಹಾಕಿಸಿದೆ. ಕೆಲಸ ಮಾಡಿತು, ಸುಳ್ಳು ಹೇಳುವುದಿಲ್ಲ. ಗುರಿ ಹಿಡಿಯುವ ರೆಡ್ ಡಾಟ್ ಸೈಟಿನ ಕೆಂಪು ಚುಕ್ಕೆ ಗುರಿ ಬಿಟ್ಟು ಕದಲುತ್ತಿರಲಿಲ್ಲ. ಆದರೆ ನಾನು ಹೋಗುತ್ತಿದ್ದ ರೇಂಜಿಗೆ ತಗಡಿನ ಮಾಡು, ಲೇನ್‌ಗಳ ನಡುವೆ ಪ್ಲೈವುಡ್ ಅಡ್ಡ. ಮೊದಲ ಮ್ಯಾಗಜಿನ್ ಮುಗಿಯುವಷ್ಟರಲ್ಲಿ ಪಕ್ಕದ ಲೇನಿನ ಅಜ್ಜ ತನ್ನ ಸಾಮಾನು ಎತ್ತಿಕೊಂಡು ಆ ತುದಿಗೆ ಹೋದ. ನನಗೆ ಅದು ಮೆಚ್ಚುಗೆ ಥರ ಕಂಡಿತು ನೋಡಿ!

ಬ್ರೇಕ್ ಮಾಡುವುದು ಇಷ್ಟು. ಗುಂಡಿನ ಹಿಂದೆ ನುಗ್ಗುವ ಗ್ಯಾಸ್ ಒಳಗಿನ ಗೋಡೆಗೆ ಬಡಿದು ರೈಫಲನ್ನು ಮುಂದಕ್ಕೆ ತಳ್ಳುತ್ತದೆ. ಒದೆತ ಅದರಿಂದ ತಗ್ಗುತ್ತದೆ. ಬಡಿದ ಗ್ಯಾಸ್ ಪಕ್ಕಕ್ಕೂ ಸ್ವಲ್ಪ ಹಿಂದಕ್ಕೂ ಹೊರಡುತ್ತದೆ. ಹಿಂದೆ ಇರುವವರು ನೀವೇ ಅಲ್ವಾ? ಒಂದೇ ಏಟಿಗೆ ಬರುವ ಸದ್ದು 140 ಡೆಸಿಬಲ್ ದಾಟಿದರೆ ಕಿವಿಗೆ ಅಪಾಯ ಅನ್ನುತ್ತಾರೆ. ಈ ರೈಫಲ್ ಬ್ರೇಕ್ ಇಲ್ಲದೆಯೇ 160ರ ಆಸುಪಾಸಿನಲ್ಲಿದೆ. ಡೆಸಿಬಲ್ ಲೆಕ್ಕದಲ್ಲಿ 10 ಹೆಚ್ಚಾಯಿತು ಅಂದರೆ ಸದ್ದಿನ ಶಕ್ತಿ 10 ಪಟ್ಟು ಹೆಚ್ಚಾಯಿತು ಅಂತ. ಬ್ರೇಕ್ ಇದಕ್ಕೆ ತನ್ನದನ್ನೂ ಸೇರಿಸುತ್ತದೆ, ತಗಡಿನ ಮಾಡು ಅದನ್ನೆಲ್ಲ ವಾಪಸ್ ತಲೆಯ ಮೇಲೆ ಸುರಿಯುತ್ತದೆ.

ಇಷ್ಟಾದರೂ ಕಿವಿ ಉಳಿಯುತ್ತಿತ್ತೇನೋ. ಕೆಡಿಸಿದ್ದು ಕಿವಿ ಮುಚ್ಚುವ ಇಯರ್‌ಮಫ್ ವಿಷಯ. ನನ್ನದು ದಪ್ಪನೆಯದು. ಕೆನ್ನೆಯನ್ನು ಸ್ಟಾಕಿಗೆ, ಅಂದರೆ ಭುಜಕ್ಕೆ ಆನಿಸುವ ಹಿಂಭಾಗಕ್ಕೆ, ಒತ್ತಿದಾಗ ಬಲಗಡೆಯ ಬಟ್ಟಲು ಸ್ಟಾಕಿಗೆ ತಾಗಿ ಮೇಲೇಳುತ್ತಿತ್ತು. ಕಿರಿಕಿರಿ ಅಂತ ತೆಗೆದು ಬೆಂಚಿನ ಮೇಲಿಟ್ಟೆ. ಒಳಗೆ ಫೋಮ್ ಪ್ಲಗ್ ಇದೆಯಲ್ಲ, ಪ್ಯಾಕೆಟ್ ಮೇಲೆ 33 ಡೆಸಿಬಲ್ ತಗ್ಗಿಸುತ್ತದೆ ಅಂತ ಬರೆದಿದೆಯಲ್ಲ, ಸಾಕು ಅಂದುಕೊಂಡೆ. ಆ 33 ಸಿಗುವುದು ಪ್ಲಗ್ಗನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು, ಆಳಕ್ಕೆ ತೂರಿಸಿ, ಅದು ಉಬ್ಬುವ ತನಕ ಬೆರಳಿಂದ ಹಿಡಿದುಕೊಂಡರೆ. ನಾನು ಬಾಟಲಿಗೆ ಬಿರಡೆ ಸಿಕ್ಕಿಸಿದ ಹಾಗೆ ಸಿಕ್ಕಿಸಿದ್ದೆ. ಅರ್ಧ ಹೊರಗೇ ಇತ್ತು. ಇನ್ನೊಂದು ವಿಷಯ: ಬಲಗೈಯವರು ರೈಫಲ್ ಹಿಡಿದಾಗ ಎಡಗಿವಿ ಬ್ಯಾರಲ್ ತುದಿಯ ಕಡೆ ತಿರುಗಿರುತ್ತದೆ, ಬಲಗಿವಿಗೆ ತಲೆಯೇ ಮರೆ. ಮಫ್ ತಾಗುತ್ತಿದ್ದದ್ದು ಬಲಗಡೆ, ಏಟು ತಿಂದದ್ದು ಎಡಗಡೆ.

ಇದನ್ನು ಇಷ್ಟು ಎಳೆಯುತ್ತಿರುವುದು ಯಾಕೆ ಅಂದರೆ, ನೋವು ಆಗಲೇ ಇಲ್ಲ. ಸಂಜೆ ಕಿವಿ ಗುಂಯ್ ಅಂದಿತು, ಎರಡು ದಿನಕ್ಕೆ ಸರಿಹೋಯಿತು. ಮತ್ತೆ ಹೋದೆ, ಮತ್ತೆ ಸರಿಹೋಯಿತು. ಒಂದು ಸಲ ಸರಿಹೋಗಲಿಲ್ಲ. ಪುಣೆಗೆ ಬಂದ ಮೇಲೆ ಕಿವಿ ಡಾಕ್ಟರ ಹತ್ತಿರ ಹೋದರೆ, ಆಡಿಯೊಗ್ರಾಮ್ (ಕಿವಿ ಪರೀಕ್ಷೆಯ ನಕ್ಷೆ) ನೋಡಿ ಅವರು ಕೇಳಿದ ಮೊದಲ ಮಾತು "ಫಟಾಕೆ?" ದೀಪಾವಳಿ ಪಟಾಕಿ ಪಕ್ಕದಲ್ಲೇ ಸಿಡಿಯಿತಾ ಅಂತ. 4,000 ಹರ್ಟ್ಸ್ ಹತ್ತಿರ ಎಡಗಿವಿಯ ಗೆರೆ ಗುಂಡಿಗೆ ಬಿದ್ದಂತೆ ಇಳಿದಿತ್ತು. ಒಳಗಿವಿಯ ಆ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲವಂತೆ. ಸ, ಶ, ಕ, ತ ಇಂಥವು ಗದ್ದಲದಲ್ಲಿ ಕಲಸಿಹೋಗುತ್ತವೆ. ಅನ್ನ ಬಡಿಸುವಾಗ ಹೆಂಡತಿ "ಸಾಕಾ?" ಅನ್ನುತ್ತಾಳೆ, ನನಗೆ "ಹಾಕ್ಲಾ?" ಅಂತ ಕೇಳಿಸುತ್ತದೆ. "ಹ್ಞೂಂ" ಅನ್ನುತ್ತೇನೆ, ಸೌಟು ವಾಪಸ್ ಹೋಗುತ್ತದೆ.

ಈಗ ನಿಮ್ಮ ಪ್ರಶ್ನೆ. ಒದೆತ ತಗ್ಗಿಸಲು ಯಾವುದು ಅಂತ ಕೇಳಿದಿರಿ. 5.56 ಒದೆಯುವುದೇ ಕಡಿಮೆ ಮಾರಾಯರೆ! ಇದಕ್ಕಿಂತ ದೊಡ್ಡ .308 ಗುಂಡು ಹಾರಿಸಿ ನೋಡಿ, ಆಮೇಲೆ ಮಾತಾಡೋಣ. ಭುಜ ನೋಯುತ್ತಿದ್ದರೆ ನೀವು ಸ್ಟಾಕನ್ನು ಭುಜದ ಗುಳಿಗೆ ಸರಿಯಾಗಿ ಕೂರಿಸುತ್ತಿಲ್ಲ, ಇಲ್ಲವೇ ಹಿಂದಕ್ಕೆ ವಾಲಿ ನಿಲ್ಲುತ್ತಿದ್ದೀರಿ. ಅದಕ್ಕೆ ಸಾಮಾನು ಬೇಡ, ಒಬ್ಬ ಒಳ್ಳೆಯ ಕೋಚ್ ಸಾಕು. ಗಡಿಯಾರದ ವಿರುದ್ಧ ಗುಂಡು ಹಾರಿಸುವ ಸ್ಪರ್ಧಿಗಳಿಗೆ ಬ್ರೇಕ್ ಬೇಕು, ನಿಮಗೆ ಬೇಡ. ಇಲ್ಲಿ ಬಾಲೇವಾಡಿ ರೇಂಜಿನಲ್ಲಿ ಪಳಗಿದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಥ್ರೀ ಪೊಸಿಷನ್ಸ್ ಕಂಚು ಗೆದ್ದರಲ್ಲ, ಆ ಆಟದ ನಿಯಮದಲ್ಲಿ ರೈಫಲ್‌ಗೆ ಬ್ರೇಕ್, ಕಾಂಪನ್ಸೇಟರ್ ಎರಡೂ ನಿಷಿದ್ಧ. ಅದು ಪುಟ್ಟ .22 ಗುಂಡು, ಒದೆಯುವುದೇ ಇಲ್ಲ, ಹೋಲಿಸುವುದು ತಪ್ಪು ಅಂತ ನೀವು ಹೇಳಬಹುದು. ಸರಿ, ಆದರೂ ಹೇಳಬೇಕು ಅನ್ನಿಸಿತು.

ಕಾಂಪನ್ಸೇಟರ್ ಗ್ಯಾಸನ್ನು ಮೇಲಕ್ಕೆ ಬಿಟ್ಟು ತುದಿ ಏಳದಂತೆ ಒತ್ತುತ್ತದೆ. ಸದ್ದಿನ ವಿಷಯದಲ್ಲಿ ಅದೂ ಬ್ರೇಕಿನ ತಮ್ಮನೇ. ಎ2 ಬರ್ಡ್‌ಕೇಜ್ ಹಾಗೇ ಇರಲಿ. ಅದರ ಕೆಳಭಾಗ ಮುಚ್ಚಿದೆ, ಮಲಗಿ ಹಾರಿಸಿದರೆ ಧೂಳು ಏಳುವುದು ಕಡಿಮೆ, ತುದಿಯನ್ನು ಸ್ವಲ್ಪ ಕೆಳಗೂ ಒತ್ತುತ್ತದೆ. ಏನಾದರೂ ಹಾಕಿಸಲೇಬೇಕು ಅಂದರೆ ಲೀನಿಯರ್ ಕಾಂಪನ್ಸೇಟರ್ ನೋಡಿ. ಒದೆತ ತಗ್ಗುವುದಿಲ್ಲ, ಆದರೆ ಸದ್ದನ್ನು ಮುಂದಕ್ಕೆ ಕಳಿಸುತ್ತದೆ. ಉಳಿದ ದುಡ್ಡಿಗೆ ತೆಳ್ಳನೆಯ ಎಲೆಕ್ಟ್ರಾನಿಕ್ ಮಫ್ ತಗೊಳ್ಳಿ, ಒಳಗೆ ಪ್ಲಗ್ ಸರಿಯಾಗಿ ಹಾಕಿ. ಎರಡೂ ಬೇಕು. ಎರಡರ ಪ್ಯಾಕೆಟ್ ಮೇಲಿನ ಅಂಕಿ ಕೂಡಿಸಿದಷ್ಟು ರಕ್ಷಣೆ ಸಿಗುವುದಿಲ್ಲ, ಹೆಚ್ಚೆಂದರೆ ಒಂದೈದು ಡೆಸಿಬಲ್ ಜಾಸ್ತಿ. ಆ ಐದೂ ಬೇಕು.

ಮುಂದೆ ಕ್ಯಾಲಿಫೋರ್ನಿಯಾಕ್ಕೆ ಹೋಗಬಹುದು ಅಂತಲೂ ಬರೆದಿದ್ದೀರಿ. ಅಲ್ಲಿನ ಕಾನೂನು ಇಂಥ ರೈಫಲ್ ಮೇಲಿನ ಫ್ಲ್ಯಾಶ್ ಹೈಡರನ್ನು ತಪ್ಪಿನ ಪಟ್ಟಿಯಲ್ಲಿ ಇಟ್ಟಿದೆ. ಬ್ರೇಕ್ ಅದರಲ್ಲಿಲ್ಲ. ಹಾಗಂತ ಅದನ್ನು ಬದಲಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ, ಪಿಸ್ತೂಲ್ ಗ್ರಿಪ್ಪೂ ಅದೇ ಪಟ್ಟಿಯಲ್ಲಿದೆ. ವಕೀಲರನ್ನು ಕೇಳದೆ ರಾಜ್ಯದ ಗಡಿ ದಾಟಿಸಬೇಡಿ. ಅದಕ್ಕಿಂತ ಮೊದಲು ನಿಮ್ಮ ಬೇಟೆ ಲೈಸೆನ್ಸ್ ತೆಗೆದು ನೋಡಿ. ಟೆಕ್ಸಾಸ್‌ನಲ್ಲಿ ಅದು ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಎಚ್-1ಬಿಯವರಿಗೆ ಅದು ಜಾರಿಯಲ್ಲಿ ಇಲ್ಲದಿದ್ದರೆ ರೈಫಲ್ ಕಪಾಟಿನಲ್ಲಿ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ನವೀಕರಿಸಿಲ್ಲ ಅಂದರೆ ಮಜಲ್ ವಿಚಾರ ಬಿಡಿ, ಇವತ್ತೇ ಅದನ್ನು ಮಾಡಿಸಿ.