ಒಂದು ಭಾನುವಾರ ತೋಚಿದ್ದು ನುಡಿಸಿದೆವು, ಬಿಡುಗಡೆ ಮಾಡಬಹುದಾ?

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು. ನಮ್ಮ ಬ್ಯಾಂಡ್ ಹೊರಗೆ ಯಾರಿಗೂ ಗೊತ್ತಿಲ್ಲ. ಹೋದ ತಿಂಗಳು ಮಹಡಿ ಮೇಲಿನ ರೂಮಿನಲ್ಲಿ ಎರಡು ಮೈಕ್ ಇಟ್ಟು, ಮೊದಲೇ ಏನೂ ಮಾತಾಡಿಕೊಳ್ಳದೆ, ಮೂರು ಗಂಟೆ ತೋಚಿದ್ದನ್ನು ನುಡಿಸಿ ರೆಕಾರ್ಡ್ ಮಾಡಿದೆವು. ನಮಗೆ ತುಂಬಾ ಹಿಡಿಸಿದೆ. ಸ್ಟುಡಿಯೋದಲ್ಲಿ ಕೆಲಸ ಮಾಡುವ ಒಬ್ಬರಿಗೆ ಕೇಳಿಸಿದರೆ, ‘ಇದು ಪ್ರಾಕ್ಟೀಸ್, ಇದನ್ನು ಯಾರು ಕೇಳ್ತಾರೆ’ ಅಂದುಬಿಟ್ಟರು. ಬಿಡುಗಡೆ ಮಾಡಬಹುದಾ?
- ಓದುಗರೊಬ್ಬರು, ಹಾಸನ

ಉತ್ತರ: ಮಾಡಿ. ಆದರೆ ಮೂರು ಗಂಟೆಯನ್ನೂ ಬೇಡ.

ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ನೆನಪಾಗಿದ್ದು ಜರ್ಮನಿಯ ‘ಕ್ಯಾನ್’. 1968ರಲ್ಲಿ ಕಲೋನ್ ನಗರದಲ್ಲಿ ಶುರುವಾದ ಬ್ಯಾಂಡ್. ಬಾಸ್ ನುಡಿಸುತ್ತಿದ್ದ ಹೋಲ್ಗರ್ ಚುಕೈ ಮತ್ತು ಕೀಬೋರ್ಡಿನ ಇರ್ಮಿನ್ ಶ್ಮಿಟ್ ಇಬ್ಬರೂ ಜರ್ಮನಿಯ ಸಂಗೀತ ಸಂಯೋಜಕ ಸ್ಟಾಕ್‌ಹೌಸೆನ್ ಹತ್ತಿರ ಕಲಿತವರು, ಡ್ರಮ್ಸಿನ ಯಾಕಿ ಲೀಬೆತ್ಸೈಟ್ ಜಾಝ್ ಬಿಟ್ಟು ಬಂದವರು, ಹಾಡಲು ನಿಂತ ಮಾಲ್ಕಮ್ ಮೂನಿ ಅಮೆರಿಕದ ಒಬ್ಬ ಶಿಲ್ಪಿ. ಆಗ ಇವರನ್ನು ಕೇಳಿದವರೇ ಕಡಿಮೆ. ಊರ ಹತ್ತಿರದ ಒಂದು ಹಳೆಯ ಕೋಟೆಮನೆಯಲ್ಲಿ, ಬರೀ ಎರಡು ಟ್ರ್ಯಾಕಿನ ಟೇಪ್ ರೆಕಾರ್ಡರ್ ಇಟ್ಟುಕೊಂಡು ನುಡಿಸಿದರು. 1969ರಲ್ಲಿ ‘ಮಾನ್‌ಸ್ಟರ್ ಮೂವಿ’ ಅಂತ ಮೊದಲ ಆಲ್ಬಂ ಬಂತು, ಮೊದಲಿಗೆ ತೆಗೆಸಿದ್ದು 500 ಪ್ರತಿ ಮಾತ್ರ. ಅದರ ಎರಡನೇ ಬದಿ ಪೂರ್ತಿ ಒಂದೇ ಹಾಡು, ಸುಮಾರು 20 ನಿಮಿಷ. ಗಂಟೆಗಟ್ಟಲೆ ನುಡಿಸಿದ್ದರಲ್ಲಿ ಇಷ್ಟನ್ನು ಆರಿಸಿ ತೆಗೆದಿದ್ದು. ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವ ಕೆಲಸ ಚುಕೈ ಅವರದು, ಆ ಬ್ಯಾಂಡಿನ ಸಂಗೀತದಲ್ಲಿ ಅವರ ಬಾಸಿನಷ್ಟೇ ಈ ಕತ್ತರಿ ಕೆಲಸಕ್ಕೂ ಪಾಲಿದೆ ಅಂತ ನಾನು ನಂಬುತ್ತೇನೆ.

ಅವಸರದಲ್ಲಿ ನುಡಿಸಿದ್ದು ತಪ್ಪಲ್ಲ, ಅವಸರದಲ್ಲಿ ಆರಿಸಬೇಡಿ.

ಯಾವುದನ್ನು ಇಟ್ಟುಕೊಳ್ಳುವುದು ಅಂತ ಕೇಳ್ತೀರಾ? ಆ 20 ನಿಮಿಷ ಕೇಳಿ ನೋಡಿ. ಲೀಬೆತ್ಸೈಟ್ ಒಂದೇ ನಡೆಯನ್ನು ಬಿಡದೆ ಹಿಡಿದಿದ್ದಾರೆ. ಅವರು ಹಿಡಿದಿರುವುದರಿಂದಲೇ ಉಳಿದವರು ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ನಮ್ಮ ಸಂಗೀತ ಕಛೇರಿಯಲ್ಲೂ ಹಾಗೇ ಅಲ್ವಾ? ಕಲ್ಪನಾಸ್ವರವನ್ನು ಯಾರೂ ಬರೆದುಕೊಂಡು ಬರುವುದಿಲ್ಲ, ಅಲ್ಲೇ ಹುಟ್ಟುತ್ತದೆ, ಆದರೆ ಕೆಳಗೆ ತಾಳ ಇರುತ್ತದೆ. ಅದನ್ನು ಪ್ರಾಕ್ಟೀಸ್ ಅಂತ ಯಾರೂ ಅನ್ನುವುದಿಲ್ಲ. ನಿಮ್ಮ ರೆಕಾರ್ಡಿಂಗಿನಲ್ಲೂ ಒಬ್ಬರಾದರೂ ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡಿರುವ ಜಾಗ ಹುಡುಕಿ. ನಾಲ್ವರೂ ಬೇರೆ ಬೇರೆ ಕೂತು ಕೇಳಿ, ಇಷ್ಟವಾದ ನಿಮಿಷಗಳನ್ನು ಬರೆದಿಡಿ, ಆಮೇಲೆ ಹೋಲಿಸಿ. ಮೂರು ಜನರ ಚೀಟಿಯಲ್ಲಿ ಬಂದ ಜಾಗ ಸಿಕ್ಕರೆ ಅಲ್ಲಿಂದ ಶುರುಮಾಡಿ. ಇಡೀ ಮೂರು ಗಂಟೆಯ ಮೂಲ ಫೈಲನ್ನು ಮಾತ್ರ ಎರಡು ಕಡೆ ಕಾಪಿ ಮಾಡಿ ಇಡಿ.

ಸದ್ದಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫ್ಯಾನಿನ ಗುಂಯ್ ಅನ್ನುವ ಸದ್ದು, ಕುರ್ಚಿ ಎಳೆದದ್ದು ಇದ್ದರೆ ಇರಲಿ. ಆದರೆ ಲೆವೆಲ್ ಮೀರಿ ಸದ್ದು ಒಡೆದುಹೋಗಿದ್ದರೆ ಅದನ್ನು ಚೆನ್ನಾಗಿ ಸರಿಮಾಡುವುದು ಕಷ್ಟ, ಆ ಭಾಗ ಬಿಟ್ಟುಬಿಡಿ. ದಯವಿಟ್ಟು ಈಗ ಕೂತು ಅದನ್ನೇ ‘ನೀಟಾಗಿ’ ಮತ್ತೆ ನುಡಿಸಲು ಹೋಗಬೇಡಿ, ಆ ಭಾನುವಾರ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ನುಡಿಸಿದ್ದು ಎರಡನೇ ಸಲಕ್ಕೆ ಬರುವುದಿಲ್ಲ.

ಪ್ರಶ್ನೆ: ಅದರ ನಡುವೆ ಗಿಟಾರಿನವನು ಒಂದು ಹಳೆಯ ಚಿತ್ರಗೀತೆಯ ಎರಡು ಸಾಲು ಹಾಡಿದ್ದಾನೆ. ಹತ್ತು ಸೆಕೆಂಡ್ ಅಷ್ಟೇ. ಪರವಾಗಿಲ್ಲವಾ?
- ಅದೇ ಓದುಗರು

ಉತ್ತರ: ಸುಮ್ನೆ ಕತ್ತರಿಸಿ. ಇಷ್ಟು ಸೆಕೆಂಡಿನವರೆಗೆ ಬಳಸಬಹುದು ಅನ್ನುವ ನಿಯಮ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಲ್ಲ. ಸಾಹಿತ್ಯ ಬರೆದವರ, ರಾಗ ಹಾಕಿದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಆ ಜಾಗ ಬೇಕೇ ಬೇಕು ಅನ್ನಿಸಿದರೆ ಹಕ್ಕುದಾರರ ಅನುಮತಿ ತೆಗೆದುಕೊಳ್ಳಬೇಕು.

ಇನ್ನೊಂದು, ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ನುಡಿಸಿದ್ದು ನಾಲ್ವರೂ ಸೇರಿ. ಯಾರ ಪಾಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ, ಬಿಡುಗಡೆಗೆ ಮೊದಲೇ. ಸ್ನೇಹಿತರ ನಡುವೆ ಇದನ್ನು ಎತ್ತಲು ಸಂಕೋಚ ಆಗುತ್ತದೆ, ಆದರೂ ಎತ್ತಿ. ಬಂದ ಮೇಲೆ ಲಿಂಕ್ ಕಳಿಸಿ, ನಾನು ಪೂರ್ತಿ ಕೇಳುತ್ತೇನೆ.