ನಿಧಾನಕ್ಕೆ ಬರೆಯುವ ಹುಡುಗನ ಪರವಾಗಿ

ಪತ್ರ: ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದಾನೆ. ಬಾಯಲ್ಲಿ ಕೇಳಿದರೆ ಲೆಕ್ಕ ಥಟ್ಟನೆ ಹೇಳುತ್ತಾನೆ. ಬೋರ್ಡಿನಿಂದ ಬರೆದುಕೊಳ್ಳುವುದು ಮಾತ್ರ ಎಂದೂ ಮುಗಿಯುವುದಿಲ್ಲ. ಹೋಂವರ್ಕ್ ಮರೆಯುತ್ತಾನೆ. ಪರೀಕ್ಷೆಯಲ್ಲಿ ಅರ್ಧ ಪೇಪರ್ ಖಾಲಿ. ಈಗ ಅವನಿಗೆ ಡಿಸ್ಲೆಕ್ಸಿಯಾ (ಓದು, ಬರಹದಲ್ಲಿ ತೊಡಕು), ಜೊತೆಗೆ ಎಡಿಎಚ್‌ಡಿ (ಗಮನ ನಿಲ್ಲಿಸುವುದು ಕಷ್ಟವಾಗುವ ತೊಂದರೆ) ಎಂದು ವರದಿ ಬಂದಿದೆ. ಹೆಚ್ಚು ಸಮಯ ಕೊಡಿ, ಪ್ರಶ್ನೆ ಓದಿ ಹೇಳಿ ಎನ್ನುತ್ತಾರೆ. ಏಳನೇ ಕ್ಲಾಸಿನವರೆಗೆ ಇಲ್ಲದ್ದು ಈಗ ಹೇಗೆ ಬಂತು? ಅದೂ ಎರಡೆರಡು? ಉಳಿದ ಮಕ್ಕಳಿಗೆ ಇದು ಅನ್ಯಾಯವಲ್ಲವೇ?
— ಒಬ್ಬ ಶಿಕ್ಷಕ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು 'ಬಾಯಲ್ಲಿ ಕೇಳಿದರೆ ಲೆಕ್ಕ ಥಟ್ಟನೆ ಹೇಳುತ್ತಾನೆ' ಎಂಬ ಸಾಲು. ಇಂಥ ಹುಡುಗನನ್ನು ಬಾಯಲ್ಲಿ ಕೇಳುವ ಗೋಜಿಗೇ ಎಷ್ಟೋ ಜನ ಹೋಗುವುದಿಲ್ಲ. ಅರ್ಧ ಖಾಲಿ ನೋಟ್‌ಬುಕ್ ನೋಡಿ ಸೋಮಾರಿ ಎಂದು ತೀರ್ಮಾನ ಮಾಡಿಬಿಡುತ್ತಾರೆ. ನೀವು ಕೇಳಿದಿರಿ. ಅವನಿಗೆ ಲೆಕ್ಕ ಬರುತ್ತದೆ ಅಂತ ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೊನೆಯಲ್ಲಿ ಅನ್ಯಾಯದ ಮಾತು ಎತ್ತಿದಿರಲ್ಲ, ಅದಕ್ಕೆ ಬೇಜಾರಾಯಿತು.

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಕ್ಲಾಸಿನ ತುಂಬ ಮಕ್ಕಳು, ಮುಗಿಸಲೇಬೇಕಾದ ಪಾಠ. ಒಬ್ಬೊಬ್ಬರಿಗೆ ಒಂದೊಂದು ವ್ಯವಸ್ಥೆ ಮಾಡಿ ಅಂದರೆ ಪುರುಸೊತ್ತು ಎಲ್ಲಿದೆ? ವರದಿಯನ್ನೇ ನೆಪ ಮಾಡಿಕೊಂಡು ಓದದೆ ಕೂರುವವರೂ ಅಲ್ಲೊಬ್ಬ ಇಲ್ಲೊಬ್ಬ ಇರಬಹುದು. ಆದರೆ ನಿಮ್ಮ ಹುಡುಗ ಆ ಪೈಕಿ ಅಲ್ಲ. ಹಾಗಂತ ನಿಮ್ಮ ಪತ್ರವೇ ಹೇಳುತ್ತಿದೆ.

ಇಂಥ ಹುಡುಗರು ಇವತ್ತು ನಿನ್ನೆ ಹುಟ್ಟಿಕೊಂಡವರಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ವರ್ಷಗಟ್ಟಲೆ ಪಾಠ ಹೇಳಿಸಿಕೊಂಡರೂ ಅವನಿಗೆ ಓದು ಹತ್ತಿರಲಿಲ್ಲ. ತನ್ನ ಹೆಸರನ್ನೇ ಅಕ್ಷರ ಹಿಂದುಮುಂದು ಮಾಡಿ ಬರೆದ. ಅದೇ ಹುಡುಗ 749ನ್ನು 867ರಿಂದ ಬೇಗನೆ ಗುಣಿಸಿ ಸರಿಯಾದ ಉತ್ತರ ಕೊಟ್ಟ. ಪೂರ್ತಿ ಬಾಯಿಮಾತಿನಲ್ಲೇ ಕಲಿಸುವುದಾದರೆ ಇಡೀ ಶಾಲೆಗೆ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಆ ಮೇಷ್ಟ್ರು ಕಂಡದ್ದನ್ನೇ ನೀವೂ ಕಂಡಿದ್ದೀರಿ. ನಡುವೆ ನೂರು ವರ್ಷಕ್ಕೂ ಜಾಸ್ತಿ ಕಳೆದಿದೆ. ನಾವಿನ್ನೂ ಅನುಮಾನಪಡುತ್ತಲೇ ಇದ್ದೇವೆ.

ಏಳನೇ ಕ್ಲಾಸಿನವರೆಗೆ ಇಲ್ಲದ್ದು ಈಗೆಲ್ಲಿಂದ ಬಂತು ಎಂದು ಕೇಳಿದ್ದೀರಿ. ಮೊದಲಿಂದಲೂ ಇತ್ತು. ಚಿಕ್ಕ ಕ್ಲಾಸಿನಲ್ಲಿ ಹೆಚ್ಚಿನ ಹೊತ್ತು ಒಬ್ಬರೇ ಟೀಚರ್, ಅದೇ ಕೋಣೆ, ಚಿಕ್ಕ ಪಾಠ. ಟೀಚರಿಗೆ ಹುಡುಗ ಗೊತ್ತು, ಹುಡುಗನಿಗೆ ಟೀಚರ್ ಗೊತ್ತು. ಕೇಳಿದ್ದನ್ನು ನೆನಪಿಟ್ಟುಕೊಂಡು ಜಾಣ ಹುಡುಗ ಹೇಗೋ ಸುಧಾರಿಸುತ್ತಾನೆ. ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬ ಮೇಷ್ಟ್ರು. ಒಬ್ಬರು ಹೋಂವರ್ಕನ್ನು ಬೋರ್ಡಿನ ಮೇಲೆ ಬರೆದರೆ ಇನ್ನೊಬ್ಬರು ಬೆಲ್ ಹೊಡೆಯುವಾಗ ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಾರೆ. ಯಾವ ದಿನಕ್ಕೆ ಯಾವ ಪುಸ್ತಕ, ಯಾವ ಕೆಲಸ ಎಂದಿಗೆ ಮುಗಿಯಬೇಕು, ಎಲ್ಲವನ್ನೂ ಅವನೇ ನಿಭಾಯಿಸಬೇಕು. ಎಡಿಎಚ್‌ಡಿ ಇರುವ ಹುಡುಗನಿಗೆ ಅತಿ ಕಷ್ಟವಾದ ಕೆಲಸವೇ ಅದು. ಇಡೀ ಹುಡುಗನನ್ನು ಬಲ್ಲವರು ಶಾಲೆಯಲ್ಲಿ ಯಾರೂ ಉಳಿದಿರುವುದಿಲ್ಲ. ಗಣಿತದವರಿಗೆ ಗಣಿತದ ಚೂರು ಗೊತ್ತು, ಇತಿಹಾಸದವರಿಗೆ ಇತಿಹಾಸದ್ದು.

ಎರಡೆರಡು ಯಾಕೆ ಎಂದಿರಿ. ಇವು ಒಟ್ಟಿಗೆ ಇರುವುದು ಅಪರೂಪವೇನಲ್ಲ. ಇಂಥದೇ ಇನ್ನೊಂದು ಜೋಡಿ ನೋಡಿ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಟಿಸಂ (ಜನರೊಡನೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಸ್ಥಿತಿ) ಇರುವ ಮಗುವಿಗೆ ಎಡಿಎಚ್‌ಡಿ ಕೂಡ ಇದೆ ಎಂದು ಬರೆಯಲು 2013ರವರೆಗೆ ಅವಕಾಶವೇ ಇರಲಿಲ್ಲ. ಮಕ್ಕಳಲ್ಲಿ ಎರಡೂ ಇದ್ದವು, ಕಾಗದದ ಮೇಲೆ ಒಂದೇ.

ಹೆಣ್ಣುಮಕ್ಕಳ ವಿಷಯ ಇನ್ನೂ ಸಂಕಟದ್ದು. ನನ್ನ ಪರಿಚಯದವರ ಮಗಳೊಬ್ಬಳು ಕ್ಲಾಸಿನಲ್ಲಿ ತುಟಿಪಿಟಕ್ ಎನ್ನುತ್ತಿರಲಿಲ್ಲ. ಪಕ್ಕದವಳು ನಕ್ಕಾಗ ನಗುವುದು, ಅವಳು ಪುಟ ತಿರುಗಿಸಿದಾಗ ತಿರುಗಿಸುವುದು. ಒಳ್ಳೆಯ ಹುಡುಗಿ ಎಂದು ಶಾಲೆಯವರ ಹೊಗಳಿಕೆ. ಮನೆಗೆ ಬಂದವಳೇ ಶೂ ಕೂಡ ಬಿಚ್ಚದೆ ಬಾಗಿಲ ಹಿಂದೆ ಕೂತು ಅಳುತ್ತಿದ್ದಳು. ಆಟಿಸಂ ಎಂದು ಗೊತ್ತಾಗುವ ಹೊತ್ತಿಗೆ ಹೈಸ್ಕೂಲೇ ಮುಗಿಯುತ್ತಾ ಬಂದಿತ್ತು. ಗಲಾಟೆ ಮಾಡದ ಮಗುವಿಗೆ ತೊಂದರೆಯೇ ಇಲ್ಲ ಎಂದುಕೊಳ್ಳುವ ಶಾಲೆಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಈಗ ನಿಮ್ಮ ಬೋರ್ಡಿಗೆ ಬರೋಣ. ಆ ಹುಡುಗ ತಲೆ ಎತ್ತುತ್ತಾನೆ, ಎಲ್ಲಿಗೆ ಬಂದಿದ್ದೆ ಎಂದು ಸಾಲು ಹುಡುಕುತ್ತಾನೆ, ಎರಡು ಪದ ಕಷ್ಟಪಟ್ಟು ಓದಿ ತಲೆಯಲ್ಲಿಟ್ಟುಕೊಳ್ಳುತ್ತಾನೆ. ತಲೆ ತಗ್ಗಿಸುವಷ್ಟರಲ್ಲಿ ಒಂದು ಹೋಯಿತು. ಉಳಿದದ್ದನ್ನು ಬರೆದು, ಕಾಗುಣಿತ ಸಂಶಯವಾಗಿ ಮತ್ತೆ ತಲೆ ಎತ್ತುತ್ತಾನೆ. ಮತ್ತೆ ಸಾಲು ಹುಡುಕಬೇಕು. ಈ ನಡುವೆ ನೀವು ವಿವರಿಸುತ್ತಿರುವುದು ಅವನ ಕಿವಿಗೆ ಬೀಳುವುದೇ ಇಲ್ಲ. ಅಷ್ಟರಲ್ಲಿ ಡಸ್ಟರ್ ಬಂತು. ಸಂಜೆ ಆ ಹರಕುಮುರುಕು ನೋಟ್ಸನ್ನೇ ನಂಬಿ ಅವನು ಓದಬೇಕು. ಅದೇ ಪುಟವನ್ನು ಮುದ್ರಿಸಿ ಹಿಂದಿನ ದಿನವೇ ಕೊಟ್ಟುಬಿಟ್ಟರೆ? ಪಾಠ ಕೇಳಲು ಅವನ ತಲೆ ಖಾಲಿ ಇರುತ್ತದೆ. ಹೋಂವರ್ಕನ್ನು ಪಾಠದ ಶುರುವಿನಲ್ಲೇ ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಇದಕ್ಕೆ ತಜ್ಞರು ಬೇಕಿಲ್ಲ, ವರದಿಗೆ ಕಾಯುವುದೂ ಬೇಕಿಲ್ಲ.

ಇನ್ನು ಸಮಯ. ಬ್ರಿಟನ್ನಿನ ಪರೀಕ್ಷೆಗಳಲ್ಲಿ ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಸಿಗುವುದು ಶೇ 25ರಷ್ಟು ಹೆಚ್ಚು ಹೊತ್ತು. ಎರಡು ಗಂಟೆಯ ಪೇಪರಿಗೆ ಅರ್ಧ ಗಂಟೆ. ಉತ್ತರ ಬಾರದವನು ಅರ್ಧ ಗಂಟೆ ಜಾಸ್ತಿ ಕೂತ ಮಾತ್ರಕ್ಕೆ ಉತ್ತರ ಬಂದುಬಿಡುತ್ತದೆಯೇ? ಬಂದ ಉತ್ತರವನ್ನು ಬರೆದು ಮುಗಿಸಲು ಅದು ಸಾಕು, ಅಷ್ಟೇ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ಅದರ 24ನೇ ವಿಧಿಯಲ್ಲಿ, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಅನುಕೂಲವನ್ನು ಶಿಕ್ಷಣದಲ್ಲಿ ಮಾಡಿಕೊಡಬೇಕು ಎನ್ನುತ್ತದೆ. ಅದನ್ನು ದಯೆ ಎಂದುಕೊಂಡು ಕೊಡುವುದು ಬೇಡ.

ನನ್ನ ಕೇಳಿದರೆ ಇನ್ನೂ ಮುಂದಕ್ಕೆ ಹೋಗುತ್ತೇನೆ. ಎಲ್ಲರಿಗೂ ಹೆಚ್ಚು ಸಮಯ ಕೊಡಿ. ಪರೀಕ್ಷೆ ಅಳೆಯಬೇಕಾದ್ದು ತಿಳಿವಳಿಕೆಯನ್ನಾದರೆ ಗಡಿಯಾರಕ್ಕೆ ಅಷ್ಟೊಂದು ಮರ್ಯಾದೆ ಯಾಕೆ? ಮೊದಲು ಕೈ ಎತ್ತಿದವನು ಬುದ್ಧಿವಂತ, ಮೊದಲು ಬರೆದು ಮುಗಿಸಿದವಳು ಜಾಣೆ ಎಂದು ಹೊಗಳಿ ಹೊಗಳಿ, ಯೋಚನೆ ಮಾಡಿ ಮಾತಾಡುವ ಮಕ್ಕಳನ್ನು ಹಿಂದಿನ ಬೆಂಚಿಗೆ ತಳ್ಳಿದ್ದೇವೆ. ನಮ್ಮಲ್ಲಿ ಕರಡು ತಿದ್ದುವ ಗೆಳೆಯರೊಬ್ಬರಿದ್ದಾರೆ. ಓದುವುದು ಬಹಳ ನಿಧಾನ, ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡೇ ಓದುತ್ತಾರೆ. ಉಳಿದವರ ಕಣ್ಣು ತಪ್ಪಿಸಿಕೊಂಡ ತಪ್ಪು ಸಿಗುವುದು ಅವರಿಗೇ. ಶಾಲೆಯಲ್ಲಿ ಅವರನ್ನು ದಡ್ಡ ಎಂದೇ ಕರೆಯುತ್ತಿದ್ದರಂತೆ. ಹಾಗೆ ಕರೆಸಿಕೊಂಡೇ ಓದು ಬಿಟ್ಟವರು ಎಷ್ಟು ಜನವೋ. ತರಬೇತಿಯ ಹೆಸರಲ್ಲಿ ಶಿಕ್ಷಕರನ್ನು ಒಂದು ದಿನ ಕೂರಿಸಿ, ಸ್ಲೈಡ್ ತೋರಿಸಿ ಕಳಿಸುವವರೂ ಇದರಲ್ಲಿ ಪಾಲುದಾರರು. ನಿಮ್ಮಂಥವರಿಗೆ ಯಾರೂ ಕೂತು ಹೇಳಿಕೊಡಲಿಲ್ಲ, ಭಾರ ಮಾತ್ರ ಹೊರಿಸಿದರು.

ಪ್ರಶ್ನೆ ಓದಿ ಹೇಳುವ ವಿಷಯ. ಭಾಷೆಯ ಪರೀಕ್ಷೆಯಲ್ಲಿ ಓದುವ ಶಕ್ತಿಯನ್ನೇ ಅಳೆಯುತ್ತಿದ್ದರೆ ಓದಿ ಹೇಳುವುದು ಸರಿಯಲ್ಲ, ನಿಜ. ನಿಮ್ಮದು ಗಣಿತ. ಧೈರ್ಯವಾಗಿ ಓದಿ ಹೇಳಿ. ಆದರೆ ಎಲ್ಲರ ಮುಂದೆ ಅವನ ಬೆಂಚಿನ ಹತ್ತಿರ ಹೋಗಿ ಬಗ್ಗಬೇಡಿ. ಆ ವಯಸ್ಸಿನ ಹುಡುಗ ಗೆಳೆಯರ ಎದುರು ನೆರವು ಪಡೆಯುವುದಕ್ಕಿಂತ ಫೇಲಾಗುವುದೇ ಮೇಲು ಅಂದುಕೊಳ್ಳುತ್ತಾನೆ. ಮುಂದಿನ ಟೆಸ್ಟಿಗೆ ಮೊದಲು ಅವನೊಬ್ಬನನ್ನೇ ಕರೆದು ಕೇಳಿ: ಬೇರೆ ಕೋಣೆಯಲ್ಲಿ ಕೂರುತ್ತೀಯಾ, ನಾನೇ ಓದಲಾ, ಬೇರೆ ಯಾರಾದರೂ ಓದಲಾ? ಬೇಡ ಎಂದರೆ ಸುಮ್ನೆ ಬಿಟ್ಟುಬಿಡಿ, ಮುಂದಿನ ಸಲ ಮತ್ತೆ ಕೇಳಿ. ಏನು ಹೇಳಿದ ಅಂತ ನನಗೂ ಒಂದು ಸಾಲು ಬರೆಯಿರಿ.